ರಿಬ್ಬನ್ ಟ್ವೀಟರೂ ನಮ್ಮ ಕಿವಿಯೂ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡುನುಡಿಗಳನ್ನು ನೆನೆಯಬೇಕಾದ ಈ ದಿನ ಧ್ವನಿವರ್ಧಕದ ಮಾತೇಕೆ ಎಂದು ತಾವು ಕೇಳಬಹುದು. ಊರು ಬಿಟ್ಟು ಚೆನ್ನೈಗೆ ಬಂದು ನೆಲಸಿದ ನಮ್ಮಂಥವರಲ್ಲಿ ಕನ್ನಡವು ಉಳಿದಿರುವುದು ಬಹುಮಟ್ಟಿಗೆ ಕಿವಿಯ ಮೂಲಕವೇ ಅಲ್ಲವೆ? ಅಜ್ಜಿಯ ಜೋಗುಳ, ತಾಯಿಯ ದೇವರನಾಮ, ಇವೇ ನಮ್ಮ ಆಸ್ತಿ. ಆ ಆಸ್ತಿಯನ್ನು ಕಾಯಹೊರಟು ನಾವು ಮಾಡಿದ ಒಂದು ತಪ್ಪನ್ನು ತಮ್ಮ ಮುಂದೆ ಬಿನ್ನವಿಸುವುದೇ ಈ ಮಾತಿನ ಉದ್ದೇಶ.

ನಾವು ನಾಲ್ಕಾರು ಮಂದಿ ಹವ್ಯಾಸಿಗಳು. ಮೌಂಟ್ ರೋಡಿನ ಬಳಿಯ ರಿಚ್ಚಿ ಸ್ಟ್ರೀಟಿನಲ್ಲಿ ತಂತಿ, ಕೆಪಾಸಿಟರುಗಳನ್ನು ಆಯ್ದು ತಂದು ಸ್ಪೀಕರಿನ ಪೆಟ್ಟಿಗೆ ಕಟ್ಟುವ ಹುಚ್ಚು ನಮ್ಮದು. ಸದಸ್ಯರ ಮನೆಗಳಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಗೊರಗೊರ ಸದ್ದನ್ನು ತೆಗೆದು ಕಾಪಾಡಿಕೊಡುತ್ತೇವೆಂದು ಮುಂದೆ ಬಂದೆವು. ಕೆಲಸಕ್ಕೆ ನಂಬಿಕೆಯ ಸ್ಪೀಕರ್ ಬೇಕಷ್ಟೆ. ಬೆಲೆಬಾಳುವ ರಿಬ್ಬನ್ ಟ್ವೀಟರುಗಳನ್ನು ತರಿಸಿ ಒಂದು ಜೊತೆ ಪೆಟ್ಟಿಗೆಗಳನ್ನು ಕಟ್ಟಿದೆವು.

ರಿಬ್ಬನ್ ಎಂದರೇನೆಂಬುದನ್ನು ಮೊದಲು ಹೇಳಬೇಕು. ಸಾಮಾನ್ಯ ಟ್ವೀಟರಿನಲ್ಲಿ ರೇಷ್ಮೆಬಟ್ಟೆಯದೋ ಲೋಹದ್ದೋ ಒಂದು ಪುಟ್ಟ ಗುಮ್ಮಟವಿರುತ್ತದೆ. ಅದರ ಹಿಂದೆ ತಂತಿಯ ಸುರುಳಿ. ರಿಬ್ಬನ್ನಿನಲ್ಲಿ ಸುರುಳಿಯೂ ಇಲ್ಲ, ಗುಮ್ಮಟವೂ ಇಲ್ಲ. ಪ್ರಬಲವಾದ ಎರಡು ಅಯಸ್ಕಾಂತಗಳ ನಡುವೆ ತೂಗುವ ಅಲ್ಯೂಮಿನಿಯಮ್ ಹಾಳೆಯ ಪಟ್ಟಿಯೇ ವಿದ್ಯುತ್ತನ್ನೂ ಒಯ್ಯುತ್ತದೆ, ಗಾಳಿಯನ್ನೂ ಅಲುಗಿಸುತ್ತದೆ. ಅದರ ದಪ್ಪ ತಲೆಗೂದಲಿಗಿಂತ ಎಷ್ಟೋ ಪಾಲು ಕಡಿಮೆ. ತೂಕವಿಲ್ಲದ್ದರಿಂದ ಅತಿ ಸೂಕ್ಷ್ಮ ಸ್ವರಕ್ಕೂ ತಟ್ಟನೆ ಓಗೊಡುತ್ತದೆ. ಜರ್ಮನಿಯಲ್ಲಿ ಷಾಟ್ಕಿ, ಗೆರ್ಲಾಕ್ ಎಂಬ ವಿಜ್ಞಾನಿಗಳು 1920ರ ದಶಕದಲ್ಲಿಯೇ ಇದನ್ನು ರೂಪಿಸಿದ್ದರು. ಅದೇ ತತ್ವದ ಮೈಕುಗಳು 1930ರ ದಶಕದಲ್ಲಿ ರೇಡಿಯೋ ಕೇಂದ್ರಗಳಲ್ಲಿ ಮೆರೆದವು.

ಆದರೆ ಗುಣದೊಡನೆ ದೋಷವೂ ಹುಟ್ಟಿಬರುತ್ತದೆ. ಪಟ್ಟಿಯ ರೋಧ ಒಂದು ಓಮಿನ ಅಲ್ಪಭಾಗ ಮಾತ್ರ; ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆಂಪ್ಲಿಫೈಯರಿಗೆ ಜೋಡಿಸುವಂತಿಲ್ಲ. ಪಟ್ಟಿ ಹೆಚ್ಚು ದೂರ ಅಲುಗಲಾರದು; ಆದುದರಿಂದ ಕೆಳಗಿನ ಸ್ವರಗಳನ್ನು ಅದಕ್ಕೆ ಹೊರಿಸಲಾಗದು. ಅನೇಕ ರಿಬ್ಬನ್ನುಗಳಿಗೆ 3,000 ಹರ್ಟ್ಸಿನ ಆಸುಪಾಸಿನಿಂದ ಮೇಲಿನದು ಮಾತ್ರ ಸಲ್ಲುತ್ತದೆ. ಕೆಳಗಿನದೆಲ್ಲ ವೂಫರಿನ ಪಾಲು. ಇವೆರಡನ್ನೂ ಒಂದುಗೂಡಿಸುವುದು ಕ್ರಾಸ್‌ಓವರಿನ ಕೆಲಸ. ಒಡವೆಯನ್ನು ನೋಡಿ ಸಂಸಾರದ ಸುಖವನ್ನು ಹೇಳಲಾದೀತೆ? ಟ್ವೀಟರಿನ ಬೆಲೆಯನ್ನು ನೋಡಿ ಸ್ಪೀಕರಿನ ಯೋಗ್ಯತೆಯನ್ನು ಹೇಳುವುದೂ ಹಾಗೆಯೇ.

ನಾವು ಮಾಡಿದ್ದು ಅದನ್ನೇ. ಮೊದಲ ದಿನ ಕೇಳಿದಾಗ ತಾಳದ ಝೇಂಕಾರ, ತಂಬೂರಿಯ ನಾದ ಎಲ್ಲವೂ ಥಳಥಳಿಸಿದವು. ಎಲ್ಲರೂ ಭೇಷ್ ಎಂದೆವು. ಮರುದಿನ ಸದಸ್ಯರೊಬ್ಬರು ತಮ್ಮ ದಿವಂಗತ ತಾಯಿಯವರು ಹಾಡಿದ್ದ ಕ್ಯಾಸೆಟ್ಟನ್ನು ತಂದರು. ನಮ್ಮ ಪೆಟ್ಟಿಗೆಯಲ್ಲಿ ಗೊರಗೊರ ಸದ್ದು ವಿಪರೀತವೆನಿಸಿತು. ಅದು ಅಡಗುವವರೆಗೂ ಮೇಲಿನ ಸ್ವರಗಳನ್ನು ಕತ್ತರಿಸಿದೆವು. ಕತ್ತರಿಸಿದ ಪ್ರತಿಯನ್ನಷ್ಟೇ ಉಳಿಸಿದೆವು.

ಮಗ ಮನೆಗೆ ಒಯ್ದು ಕೇಳಿ, ಮರಳಿ ಬಂದು ಒಂದೇ ಮಾತು ಕೇಳಿದರು: "ಹಾಡು ಇದೆ ಸ್ವಾಮಿ, ಅಮ್ಮನ ಬಳೆ ಎಲ್ಲಿ ಹೋಯಿತು?"

ಆ ತಾಯಿ ಕೈಯಲ್ಲಿ ತಾಳ ಹಾಕುತ್ತ ಹಾಡಿದ್ದರು. ಗಾಜಿನ ಬಳೆಗಳ ಕಿಣಿಕಿಣಿಯನ್ನು ನಾವು ಕಸದೊಡನೆ ಗುಡಿಸಿಬಿಟ್ಟಿದ್ದೆವು. ಮತ್ತೆ ಇಳಿಸೋಣವೆಂದು ಕ್ಯಾಸೆಟ್ಟನ್ನು ಹಾಕಿದರೆ, ಹಳೆಯ ಟೇಪು ತುಂಡಾಯಿತು.

ಆಗ ನಮಗೆ ಬುದ್ಧಿ ಬಂತು. ಅಳೆಯುವ ಮೈಕನ್ನು ತಂದು ಪರೀಕ್ಷಿಸಿದಾಗ ನಮ್ಮ ರಿಬ್ಬನ್ ವೂಫರಿಗಿಂತ ಸುಮಾರು 3 ಡೆಸಿಬೆಲ್ ಜೋರಾಗಿ ನುಡಿಯುತ್ತಿತ್ತು. ಎಂದರೆ ತನ್ನ ಪಾಲಿಗೆ ಸಲ್ಲಬೇಕಾದುದರ ಎರಡರಷ್ಟು ಶಕ್ತಿ! ತಪ್ಪು ರಿಬ್ಬನ್ನಿನದಲ್ಲ, ಅದನ್ನು ತಗ್ಗಿಸಬೇಕಾಗಿದ್ದ ರೆಸಿಸ್ಟರನ್ನು ಸರಿಯಾಗಿ ಲೆಕ್ಕ ಹಾಕದ ನಮ್ಮದು. ಥಳಥಳಿಕೆಯನ್ನು ನಾವು ಸತ್ಯವೆಂದು ಬಗೆದಿದ್ದೆವು.

ಅಂದಿನಿಂದ ಕೆಲವು ಕಟ್ಟಳೆಗಳನ್ನು ಇಟ್ಟುಕೊಂಡಿದ್ದೇವೆ. ಮೊದಲನೆಯದು, ಎರಡು ಸ್ಪೀಕರುಗಳನ್ನು ಹೋಲಿಸುವ ಮುನ್ನ ಜೋರನ್ನು ಅಳೆದು ಸಮಮಾಡುವುದು. ಒಂದೆರಡು ಡೆಸಿಬೆಲ್ ಹೆಚ್ಚಾದರೂ ಕಿವಿಯು ಅದನ್ನೇ ಮೇಲೆನ್ನುತ್ತದೆ. ಎರಡನೆಯದು, ನಡುವೆ ತೆಳುವಾದ ಪರದೆ ಕಟ್ಟಿ, ಯಾವುದು ನುಡಿಯುತ್ತಿದೆಯೆಂದು ತಿಳಿಯದಂತೆ ಕೇಳುವುದು. ಮೂರನೆಯದು, ಕುಳಿತೂ ನಿಂತೂ ಕೇಳುವುದು. 10 ಸೆಂಟಿಮೀಟರ್ ಉದ್ದದ ರಿಬ್ಬನ್ನಿನ ನಾದವು 10,000 ಹರ್ಟ್ಸಿನಲ್ಲಿ ನೇರದಿಂದ 20 ಡಿಗ್ರಿ ಮೇಲೆ ಅಥವಾ ಕೆಳಗೆ ಸರಿದರೆ ಬಹುವಾಗಿ ಕುಗ್ಗುತ್ತದೆ. ಜಮಖಾನದ ಮೇಲೆ ಕುಳಿತವರಿಗೊಂದು ಸಂಗೀತ, ಬಾಗಿಲಲ್ಲಿ ನಿಂತವರಿಗೊಂದು ಸಂಗೀತ! ನಾಲ್ಕನೆಯದು, ಕೇಳುವಷ್ಟು ಹೊತ್ತು ಫ್ಯಾನನ್ನು ನಿಲ್ಲಿಸುವುದು. ಚೆನ್ನೈಯ ಸೆಖೆಯಲ್ಲಿ ಇದೊಂದು ತಪಸ್ಸೇ ಸರಿ. ಆದರೆ ಫ್ಯಾನಿನ ಸದ್ದಿನಲ್ಲಿ ಸೂಕ್ಷ್ಮ ಸ್ವರಗಳು ಮುಳುಗುತ್ತವೆ. ಐದನೆಯದು, ಎಳೆಯರನ್ನು ಜೊತೆಗೆ ಕೂರಿಸಿಕೊಳ್ಳುವುದು. ವಯಸ್ಸಾದಂತೆ ಮೇಲಿನ ಸ್ವರಗಳು ನಮ್ಮ ಕಿವಿಯಿಂದ ಒಂದೊಂದಾಗಿ ಬೀಳ್ಕೊಳ್ಳುತ್ತವೆ. ನಮಗೆ ಮೌನವಾಗಿದ್ದೆಡೆ ಹನ್ನೆರಡು ವಯಸ್ಸಿನ ಹುಡುಗಿಯೊಬ್ಬಳು ಸದ್ದನ್ನು ತೋರಿಸಿಕೊಟ್ಟಾಗ ನಾವು ತಲೆಬಾಗಿದೆವು.

ಪರೀಕ್ಷೆಗೆ ತಂಬೂರಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಬಾಗಿದ ಕುದುರೆಯ ಮೇಲೆ ನೂಲಿನ ಎಳೆಯಿಟ್ಟು ಜೀವ ತುಂಬಿದೊಡನೆ ಒಂದೇ ತಂತಿಯಿಂದ ಮೇಲುಸ್ವರಗಳ ಸಾಲೇ ಹೊಮ್ಮುತ್ತದೆ. ಈ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಸಿ. ವಿ. ರಾಮನ್ನರು 1921ರಲ್ಲಿ ವೀಣೆ ತಂಬೂರಿಗಳ ಈ ವಿಶೇಷವನ್ನು ಕುರಿತು ಬರೆದಿದ್ದಾರೆ. ವೂಫರೂ ರಿಬ್ಬನ್ನೂ ಹೊಂದಿಕೊಂಡಿದ್ದರೆ ಆ ಸಾಲು ಎಲ್ಲಿಯೂ ಕಡಿಯದು. ಹೊಂದದಿದ್ದರೆ ತಂಬೂರಿಯ ಮೈ ಒಂದು ಕಡೆ, ಜೀವ ಒಂದು ಕಡೆ.

ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರು ಹಿಂದೆ ಕುಳಿತವರಿಗೂ ಕೇಳಿಸಲೆಂದು ಏಳು ತಂತಿಯ ಪಿಟೀಲನ್ನು ಮಾಡಿಕೊಂಡರು. ಈ ಊರಿನ ಮ್ಯೂಸಿಕ್ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಕೇಳುವವನ ಕಿವಿಗೆ ತಲುಪುವುದೇ ಅವರ ಗುರಿಯಾಗಿತ್ತು. ಸ್ಪೀಕರ್ ಕಟ್ಟುವವರಿಗೂ ಅದೇ ಗುರಿಯಿರಬೇಕು.

ರೆಸಿಸ್ಟರನ್ನು ಬದಲಿಸಿದ ಮೇಲೆ, ಪರದೆಯ ಹಿಂದೆ ನಮ್ಮ ರಿಬ್ಬನ್ನಿಗೂ ಒಂದು ಸಾಧಾರಣ ರೇಷ್ಮೆ ಗುಮ್ಮಟದ ಸ್ಪೀಕರಿಗೂ ಪಂಥವಾಯಿತು. ತಂಬೂರಿಯಲ್ಲಿ ರಿಬ್ಬನ್ ಗೆದ್ದಿತು. ಮಾತಿನಲ್ಲಿ ಗುಮ್ಮಟ ಗೆದ್ದಿತು. ಉಳಿದುದರಲ್ಲಿ ನಮ್ಮಲ್ಲೇ ಒಮ್ಮತವಾಗಲಿಲ್ಲ. ಬೆಲೆಯ ಅಂತರವನ್ನು ನೆನೆದು ಖಜಾಂಚಿಗಳು ನಕ್ಕರು.

ತುಂಡಾದ ಟೇಪನ್ನು ಅಂಟಿಸಿ, ಉಸಿರು ಬಿಗಿಹಿಡಿದು ಮತ್ತೊಮ್ಮೆ ಇಳಿಸಿದೆವು. ಒಂದು ನುಡಿಯ ಅರ್ಧ ಹೋಯಿತು. ಅದು ಇನ್ನು ಬಾರದು. ಈ ಬಾರಿ ಗೊರಗೊರ ಸದ್ದನ್ನು ಹಾಗೆಯೇ ಬಿಟ್ಟಿದ್ದೇವೆ. ಅದರ ನಡುವೆ ಬಳೆಗಳು ನುಡಿಯುತ್ತಿವೆ. ಮಗ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

ತಮ್ಮ ಮನೆಗಳಲ್ಲಿ ಇಂಥ ಕ್ಯಾಸೆಟ್ಟುಗಳಿದ್ದರೆ ದಯವಿಟ್ಟು ತನ್ನಿರಿ. ಈಗ ಮೂಲಪ್ರತಿಯನ್ನು ಮುಟ್ಟದೆ ಕಾಪಾಡುವುದನ್ನು ಕಲಿತಿದ್ದೇವೆ.