ಕೇಳುವವರ ಪ್ರಶ್ನೆಗೆ ಜಾಗ ಎಲ್ಲಿ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಸಭಾಪಾಲಕರು, ಉಪದೇಶಿಗಳು, ಭಾನುವಾರ ಶಾಲೆಯ ಶಿಕ್ಷಕಿಯರು ಬಂದಿದ್ದೀರಿ. ಹೊಲದ ಕೆಲಸ ಬಿಟ್ಟು ಬಂದವರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ದಯವಿಟ್ಟು ಮುಂದೆ ಬನ್ನಿ, ಇಂದಿನ ಮಾತು ನಿಮ್ಮ ಕುರಿತಾದದ್ದೇ.

ನಮ್ಮ ದೈವಶಾಸ್ತ್ರ ಶಿಕ್ಷಣ ಎಲ್ಲಿ ದಾರಿ ತಪ್ಪಿತು ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿರುವುದು ಒಂದೇ ಮಾತು. ಪ್ರಸಂಗ ಮಾಡುವವರನ್ನು ತಯಾರು ಮಾಡಿದೆವು, ಕೇಳುವವರನ್ನು ಮರೆತೆವು. ಪ್ರಸಂಗ ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಪಾಠ ಇದೆ. ಅದನ್ನು ಕೇಳಿದಾಕೆ ಸೋಮವಾರ ಅದರೊಂದಿಗೆ ಏನು ಮಾಡಬೇಕು ಎಂಬುದಕ್ಕೆ ಪಾಠ ಇಲ್ಲ.

ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಕೂತು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು, ಶಾಲೆಗಳನ್ನು ತೆರೆದರು. ಅದೇ ಮಿಷನ್ನಿನ ಕಿಟೆಲ್ಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಹೆಣೆದರು. ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಗೆಳೆಯರು ಎದುರಿಗಿದ್ದಾರೆ, ಅವರ ಪ್ರಬಂಧಗಳಿಗೆ ಬಿಡುತ್ತೇನೆ. ಗ್ರಂಥ ಮನೆಗೆ ಬಂತು, ಹಾಡೂ ಬಂತು. ಪ್ರಶ್ನೆ ಕೇಳುವ ಸಲಿಗೆ ಮಾತ್ರ ಬರಲಿಲ್ಲ. ನನ್ನ ತಕರಾರು ಇಷ್ಟೇ.

ಈ ಸೀಮೆಯಲ್ಲಿ ಪ್ರಶ್ನೆ ಕೇಳುವ ಸಲಿಗೆಗೇನು ಬರವೇ? ಶಿಶುನಾಳ ಷರೀಫರ ಊರು ಶಿಗ್ಗಾಂವಿ ತಾಲ್ಲೂಕಿನಲ್ಲೇ ಇದೆ. ಭಜನೆಯಲ್ಲಿ ತತ್ವಪದ ಹಾಡಿ ಮುಗಿಸಿದ ಮೇಲೆ ಅದರ ಒಳಾರ್ಥದ ಮೇಲೆ ವಾದ ಏಳುತ್ತದೆ. ಹರದೇಶಿ–ನಾಗೇಶಿ ಮೇಳದವರು ಪುರಾಣದ ಸವಾಲು ಹಾಕುತ್ತ, ಜವಾಬು ಕೊಡುತ್ತ ಬೆಳಗು ಮಾಡುತ್ತಾರೆ. ಅಂಥ ಕೇಳುಗರನ್ನು ನಾವು ಚಾಪೆಯ ಮೇಲೆ ಕೂರಿಸಿ, ಸುಮ್ಮನಿರಿಸಿ, ಕೊನೆಗೆ ಆಮೆನ್ ಹೇಳಿಸಿ ಕಳಿಸುತ್ತೇವೆ.

ಹಾನಗಲ್ ಕಡೆಯ ಒಂದು ಮನೆ ಪ್ರಾರ್ಥನೆ ನೆನಪಾಗುತ್ತಿದೆ. ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ, ಮತ್ತಾಯ 20, ಓದಿ ಆಗಿತ್ತು. ಗೋವಿನಜೋಳ ಮುರಿಯುವ ಕೆಲಸದಿಂದ ನೇರ ಬಂದಿದ್ದ ಒಬ್ಬ ತಾಯಿ, ಸೆರಗಿಗೆ ಅಂಟಿದ್ದ ರವದಿ ಕೀಳುತ್ತಲೇ ಕೇಳಿದರು: “ಅಲ್ರೀ ಅಯ್ಯನವರ, ಹೊತ್ತು ಮುಳುಗೂಮುಂದ ಬಂದಾವಗೂ ಅಷ್ಟ ಪಗಾರ ಕೊಟ್ರ, ನಾಳೆ ಮುಂಜಾನೆ ಯಾರ್ ಬರ್ತಾರ್ರೀ?” ಪಕ್ಕದಲ್ಲಿದ್ದ ಮುದುಕರು ತಿರುಗಿ ಅಂದರು: “ಸಂಜೀತನಾ ಯಾರೂ ಕರೀದ ನಿಂತಾವನ ಮನ್ಯಾಗೂ ಮಕ್ಕಳು ಉಣ್ಣಬೇಕಲ್ಲವಾ?” ಮಾತು ಬೆಳೆಯಿತು, ಚಹಾ ಆರಿತು. ಆ ಸಾಮ್ಯದ ಮೇಲೆ ನಾನು ಓದಿದ ಯಾವ ವ್ಯಾಖ್ಯಾನದಲ್ಲೂ ಕೂಲಿಗೆ ಕಾದು ನಿಂತವರು ಹೀಗೆ ಮಾತಾಡಿರಲಿಲ್ಲ. ಮುಂದಿನ ಭಾನುವಾರ ಅದೇ ತಾಯಿ ಮೌನವಾಗಿ ಕೂತಿದ್ದರು. ಪ್ರಸಂಗಪೀಠದಿಂದ ಆ ಸಂಜೆಯ ಒಂದು ಮಾತೂ ಬರಲಿಲ್ಲ.

ಹೀಗೆ ಕೇಳಿ ನೋಡುವುದಕ್ಕೆ ಶಾಸ್ತ್ರದಲ್ಲೇ ಆಧಾರವಿದೆ: ಪೌಲನ ಬೋಧನೆ ಕೇಳಿದ ಬೆರೋಯದವರು ಅದು ಹೌದೋ ಅಲ್ಲವೋ ಎಂದು ದಿನಾಲು ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದನ್ನು ಅವರ ಸದ್ಗುಣವೆಂದೇ ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಆದರೆ ಒಬ್ಬೊಬ್ಬರೂ ತಮ್ಮದೇ ಅರ್ಥ ಹಿಡಿದು ಹೊರಟರೆ ಸಭೆ ಒಡೆದೀತು ಎಂಬ ಭಯ ಸಭಾಪಾಲಕರಿಗಿದೆ. ಒಡೆದ ಸಭೆಗಳನ್ನು ನಾನೂ ಕಂಡಿದ್ದೇನೆ, ಆ ಭಯವನ್ನು ಹಗುರಾಗಿ ಕಾಣಲಾರೆ.

ಹಾಗಾಗಿ ನನ್ನನ್ನು ಬಿಡದ ಪ್ರಶ್ನೆ ಇದು: ಮನೆಯ ಕೂಟದಲ್ಲಿ ಹುಟ್ಟಿದ ಪ್ರಶ್ನೆ ಎಲ್ಲಿಗೆ ಹೋಗಬೇಕು? ಸಭಾಪಾಲಕರೇ ಉತ್ತರ ಹೇಳಿ ಮುಗಿಸಿದರೆ ಅದು ಇನ್ನೊಂದು ಪ್ರಸಂಗವಾಗುತ್ತದೆ. ಯಾರೂ ಕಿವಿಗೊಡದಿದ್ದರೆ ಅಲ್ಲೇ ಕಮರುತ್ತದೆ. ಎರಡರ ನಡುವಿನ ದಾರಿ ನನಗಿನ್ನೂ ಸ್ಪಷ್ಟವಾಗಿಲ್ಲ.

ಸಂಘಟಕರಲ್ಲಿ ಒಂದು ಬಿನ್ನಹ. ಊಟದ ನಂತರ ಪ್ರಬಂಧ ಮಂಡನೆಗೆ ಮೊದಲು ನಾಲ್ಕು ತಾಲ್ಲೂಕಿನವರೂ ಗುಂಪು ಗುಂಪಾಗಿ ಕೂತು ಮತ್ತಾಯನ ಅದೇ ಇಪ್ಪತ್ತನೇ ಅಧ್ಯಾಯ ಓದಲಿ. ಹೊಲದಿಂದ ಬಂದವರು ಮೊದಲು ಮಾತಾಡಲಿ, ಸಭಾಪಾಲಕರು ಕೊನೆಗೆ. ಅಲ್ಲಿ ಎದ್ದ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ, ಪ್ರಬಂಧಕಾರರು ಮೊದಲು ಅವಕ್ಕೆ ಉತ್ತರ ಕೊಡಲಿ.