ನಾಯಿಮರಿಗೆ ಮನೆಯ ಪಾಠ

(ನಾಯಿ ಸಾಕುವ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾಯಿಗೆ ಪಾಠ ಹೇಳುವುದು ಪೇಟೆಯವರ ಶೋಕಿ ಎಂದು ತಮ್ಮಲ್ಲಿ ಕೆಲವರು ನಗಬಹುದು. ನಾನೂ ಹಿಂದೆ ಹಾಗೆ ನಕ್ಕವನೇ.

ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿ ನನ್ನ ಮನೆ. ಚಿಕ್ಕ ನಿವೇಶನ, ಮುಂದೆ ಒಂದು ಗೇಟು. ಕೆಲವು ವರ್ಷಗಳ ಹಿಂದೆ ಊರಿನಿಂದ ಒಂದು ನಾಟಿ ಮರಿ ತಂದೆ. ಅದು ಕಣ್ಣು ಬಿಟ್ಟು ವಾರ ಕಳೆದಿತ್ತು, ಅಷ್ಟೆ. ಎಳೆಯದರಲ್ಲೇ ತಾಯಿಯಿಂದ ಬಿಡಿಸಿದರೆ ಮನೆಗೆ ಚೆನ್ನಾಗಿ ಒಗ್ಗುತ್ತದೆ ಎಂದು ಹಿರಿಯರು ಹೇಳಿದ್ದರು. ಬೆಳೆದ ಮೇಲೆ ಅದನ್ನು ಸರಪಳಿ ಹಾಕಿ ಗೇಟಿನ ಪಕ್ಕ ಕಟ್ಟಿದೆವು. ಶಾಲೆಗೆ ಹೋಗುವ ಮಕ್ಕಳು ಗೇಟು ಬಡಿದು ರೇಗಿಸುವರು, ಅದು ಬೊಗಳುವುದು. ಒಳ್ಳೆಯ ಕಾವಲು ನಾಯಿ ಸಿಕ್ಕಿತು ಎಂದು ನಾವು ಹಿಗ್ಗಿದೆವು. ಬೇಸಿಗೆ ರಜಕ್ಕೆ ಬಂದಿದ್ದ ನನ್ನ ತಂಗಿಯ ಮಗ, ಆರು ವರ್ಷದವನು, ಉರುಳಿ ಹೋದ ಚೆಂಡನ್ನು ತೆಗೆಯಲು ಅದರ ಹತ್ತಿರ ಬಗ್ಗಿದಾಗ ಕೆನ್ನೆಗೇ ಬಾಯಿ ಹಾಕಿತು. ಗಾಯದ ಗುರುತು ಇಂದಿಗೂ ಇದೆ. ಮನೆಯವರೆಲ್ಲ ನಾಯಿಯನ್ನು ಬೈದರು. ಆಮೇಲೆ ತಿಳಿದವರನ್ನು ಕೇಳಿ, ಓದಿ ನೋಡಿದಾಗ ಮೊದಲಿನಿಂದ ಕೊನೆಯವರೆಗೆ ತಪ್ಪು ನನ್ನದೇ ಎಂದು ಗೊತ್ತಾಯಿತು.

ಮೊದಲನೆಯ ತಪ್ಪು ಮರಿಯನ್ನು ತಂದ ವಯಸ್ಸು. ಮರಿ 10ರಿಂದ 14 ದಿನಕ್ಕೆ ಕಣ್ಣು ಬಿಡುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ಒಡಹುಟ್ಟಿದ ಮರಿಗಳೊಡನೆ ಕಚ್ಚಾಡಿ ಆಡತೊಡಗುತ್ತದೆ. ಈ ಆಟವನ್ನು ತಾವೆಲ್ಲ ಕಂಡಿದ್ದೀರಿ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ತಾಯಿಯೂ ಗುರ್ರೆಂದು ದೂರ ಸರಿಯುತ್ತದೆ. ಎಷ್ಟು ಬಲವಾಗಿ ಹಲ್ಲೂರಬಹುದು ಎಂಬುದನ್ನು ಮರಿ ಕಲಿಯುವುದು ಹೀಗೆ. ಈ ಪಾಠವನ್ನು ತಾಯಿ ಕಲಿಸಿದಷ್ಟು ಚೆನ್ನಾಗಿ ನಾವು ಕಲಿಸಲಾರೆವು. ಆದ್ದರಿಂದ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಕೂಡದು.

ಹಾಗೆಂದು ಎಂಟು ವಾರ ಅದನ್ನು ಯಾರೂ ಮುಟ್ಟದೆ ಹಿತ್ತಲಲ್ಲಿ ಬಿಡಬಹುದೆ? ಅದೂ ಸಲ್ಲದು. ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಪ್ರಯೋಗಾಲಯದವರು ಮರಿಗಳನ್ನು ದೊಡ್ಡ ಬೇಲಿಯೊಳಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಒಂದೊಂದು ವಾರ ಜನರ ಬಳಿ ತಂದು ನೋಡಿದರು. ಇದರ ಫಲಿತಾಂಶ 1961ರಲ್ಲಿ ಪ್ರಕಟವಾಯಿತು. 14ನೆಯ ವಾರದವರೆಗೆ ಮನುಷ್ಯರನ್ನು ಕಾಣದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿದವು. ಅವುಗಳನ್ನು ಪಳಗಿಸುವುದು ಬಹಳ ಕಷ್ಟವಾಯಿತು. ಮೂರನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮರಿ ಕಂಡದ್ದು, ಕೇಳಿದ್ದು ಹಸಿ ಗೋಡೆಗೆ ಹರಳು ನೆಟ್ಟಂತೆ ನಿಲ್ಲುತ್ತದೆ.

ಈಗ ತಮಗೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ಮುಧೋಳದ ಸುತ್ತಮುತ್ತ ಅನೇಕ ರೈತ ಕುಟುಂಬಗಳು ಮುಧೋಳ ನಾಯಿಯ ಮರಿಗಳನ್ನು ಸಾಕಿ ಮಾರಿ ನಾಲ್ಕು ಕಾಸು ಕಾಣುತ್ತವೆ. 2005ರಲ್ಲಿ ಈ ನಾಯಿಯ ಅಂಚೆಚೀಟಿಯೂ ಹೊರಬಂದಿದೆ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೈನ್ಯದವರು ಇಲ್ಲಿಂದ ಮರಿಗಳನ್ನು ಮೀರತ್ತಿಗೆ ತರಬೇತಿಗೆಂದು ಒಯ್ದರು. ನಮ್ಮ ಬಡಾವಣೆಯಂಥ ಕಡೆಗೂ ಈ ಮರಿಗಳು ಬರುತ್ತವೆ. ಇದು ಕಣ್ಣಿನಿಂದ ಬೇಟೆಯಾಡುವ ಜಾತಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣ. ಹೊಸಬರು ಮೈಮುಟ್ಟುವುದು ಇದಕ್ಕೆ ಅಷ್ಟಾಗಿ ಸೇರದು. ಇಂಥ ಮರಿ ಹೊಲದಲ್ಲಿ ಮೂರು ತಿಂಗಳು ಯಾರ ಕೈಗೂ ಸಿಗದೆ ಬೆಳೆದು, ಸ್ಕೂಟರು, ಕುಕ್ಕರಿನ ಸೀಟಿ, ನೆರೆಮನೆಯ ಮಕ್ಕಳ ನಡುವೆ ಬಂದು ಬಿದ್ದರೆ ಗತಿಯೇನು? ಕೊಂಡವನು ಆರು ತಿಂಗಳಿಗೆ ಬೇಸತ್ತು ಬೀದಿಗೆ ಬಿಡುತ್ತಾನೆ. ಪಟ್ಟಣದ ಮನೆಯಲ್ಲಿ ನಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ಅರ್ಧ ಭಾಗ ತಮ್ಮ ಹಿತ್ತಲಿನಲ್ಲಿಯೇ ನಿರ್ಧಾರವಾಗಿರುತ್ತದೆ.

ಇದಕ್ಕೆ ಖರ್ಚೇನಿಲ್ಲ. ಮೂರನೆಯ ವಾರದಿಂದ ದಿನಕ್ಕೆ ಎರಡು ಸಲ, ಐದೈದು ನಿಮಿಷ, ಪ್ರತಿಯೊಂದು ಮರಿಯನ್ನೂ ಎತ್ತಿಕೊಳ್ಳಿ. ಕಿವಿ, ಬಾಯಿ, ಉಗುರು ಮುಟ್ಟಿ ನೋಡಿ. ಹೆಂಗಸರು, ಮುದುಕರು, ಟೋಪಿ ಹಾಕಿದವರು ಹೀಗೆ ನಾನಾ ಬಗೆಯವರು ಎತ್ತಿಕೊಳ್ಳಲಿ. ಮಕ್ಕಳು ದೊಡ್ಡವರ ಎದುರಿಗೆ ಮಾತ್ರ. ಟ್ರ್ಯಾಕ್ಟರಿನ ಸದ್ದು ದೂರದಿಂದ ಕೇಳಲಿ. ಕೋಳಿ ಮೇಯುವುದನ್ನು ನೋಡುತ್ತ ಸುಮ್ಮನೆ ಕುಳಿತರೆ ಒಂದು ಚೂರು ರೊಟ್ಟಿ ಕೊಡಿ.

ಮನೆಗೆ ತಂದ ಮೇಲಿನ ಮೊದಲ ಸಮಸ್ಯೆ ಮಲಮೂತ್ರದ್ದು. ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಟ ಮುಗಿದಾಗ, ಈ ಮೂರು ವೇಳೆಯಲ್ಲಿ ಹೊರಗೆ ಒಂದೇ ಜಾಗಕ್ಕೆ ಒಯ್ಯಿರಿ. ಅಲ್ಲಿ ಮುಗಿಸಿದ ತಕ್ಷಣ ಮೆಚ್ಚಿ ತಿಂಡಿ ಕೊಡಿ. ಒಳಗೆ ಮಾಡಿದರೆ ಮೂತಿಯನ್ನು ಅದಕ್ಕೆ ಉಜ್ಜುವ ಪದ್ಧತಿ ಕೆಲವರಲ್ಲಿದೆ. ಅದರಿಂದ ಮರಿ ಕಲಿಯುವುದು ಒಂದೇ: ಯಜಮಾನನ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಮಾಡುವುದು! ಜಾಗವನ್ನು ವಾಸನೆ ಉಳಿಯದಂತೆ ತೊಳೆದುಬಿಡಿ.

ಕೂರು, ಬಾ, ಬೇಡ, ಮೂರು ಮಾತು ಸಾಕು. ಹೇಳಿದಂತೆ ಮಾಡಿದ ಒಂದೆರಡು ಸೆಕೆಂಡಿನೊಳಗೆ ತಿಂಡಿ ಸಿಗಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ನಮ್ಮ ಲೇಔಟಿನಲ್ಲಿ ಮನೆಮಂದಿಯೆಲ್ಲ ಕನ್ನಡ ಆಡುತ್ತಾರೆ, ನಾಯಿಗೆ ಮಾತ್ರ ಇಂಗ್ಲಿಷು. ಯಾವ ಭಾಷೆಯಾದರೂ ಚಿಂತೆಯಿಲ್ಲ. ಆದರೆ ಅಪ್ಪ 'ಸಿಟ್' ಎಂದು, ಅಮ್ಮ 'ಕೂತ್ಕೋ' ಎಂದು, ಅಜ್ಜಿ 'ಬಿದ್ದಿರು' ಎಂದು ಹೇಳಿದರೆ ಯಾವ ನಾಯಿ ಕಲಿತೀತು? ಇನ್ನೊಂದು ಮಾತು. 'ಬಾ' ಎಂದು ಕರೆದು ಹೊಡೆಯಬೇಡಿ. ಒಂದು ಸಲ ಹಾಗೆ ಮಾಡಿದರೆ ಮುಂದೆ ಬೇಕಾದಾಗ ಅದು ಬರುವುದಿಲ್ಲ. ಬಂದವರ ಮೈಮೇಲೆ ಹಾರುವ ಮರಿಗೆ ಬೆನ್ನು ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲಕ್ಕೆ ಊರಿದಾಗ ಮಾತನಾಡಿಸಿ.

ನನ್ನ ಎರಡನೆಯ ತಪ್ಪು ಸರಪಳಿ. ಕಟ್ಟಿದ ನಾಯಿಗೆ ಹೆದರಿಕೆಯಾದರೆ ಓಡಿಹೋಗಲು ದಾರಿಯಿಲ್ಲ, ಉಳಿದದ್ದು ಹಲ್ಲೊಂದೇ. ದಾರಿಹೋಕ ತನ್ನ ಪಾಡಿಗೆ ಮುಂದೆ ಹೋದರೂ, ತಾನು ಬೊಗಳಿದ್ದಕ್ಕೇ ಓಡಿದ ಎಂದು ನಾಯಿ ತಿಳಿಯುತ್ತದೆ, ಮರುದಿನ ಇನ್ನೂ ಜೋರಾಗಿ ಬೊಗಳುತ್ತದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಕಚ್ಚಿದಾಗ ಏನು ಮಾಡಬೇಕೆಂಬುದನ್ನು ದಯವಿಟ್ಟು ಮನೆಯವರಿಗೆಲ್ಲ ತಿಳಿಸಿರಿ. ಸಾಕಿದ ನಾಯಿಯಾದರೂ, ಮರಿಯಾದರೂ, ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳಿದ ದಿನಗಳಲ್ಲಿ ಎಲ್ಲ ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಕೊಡುವ ಇನ್ನೊಂದು ಮದ್ದೂ ಬೇಕಾಗಬಹುದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಬೇಕು. ನಮ್ಮದಕ್ಕೆ ಲಸಿಕೆಯಾಗಿತ್ತು, ಆದರೂ ಹುಡುಗನಿಗೆ ಚಿಕಿತ್ಸೆ ಪೂರ್ತಿ ಕೊಡಿಸಿದೆವು.

ಆ ನಾಯಿ ಏನಾಯಿತೆಂದು ತಾವು ಕೇಳಬಹುದು. ಅದನ್ನು ಗೇಟಿನ ಬಳಿಯಿಂದ ಹಿತ್ತಲಿಗೆ ತಂದು ಸರಪಳಿ ಬಿಚ್ಚಿದೆವು. ಬೆಳಿಗ್ಗೆ, ಸಂಜೆ ನಾನೇ ಸುತ್ತಾಡಿಸುತ್ತೇನೆ. ಊಟದ ತಟ್ಟೆ ಇಡುವ ಮೊದಲು ಕೂರು ಎಂದರೆ ಕೂರುತ್ತದೆ. ಬೊಗಳುವುದೂ ಬಹಳಷ್ಟು ಕಡಿಮೆಯಾಗಿದೆ. ಆದರೂ ತಂಗಿಯ ಮಗ ಬಂದ ದಿನ ಅದನ್ನು ಒಳಕೋಣೆಯಲ್ಲಿ ಕೂಡಿ ಅಗುಳಿ ಹಾಕುತ್ತೇನೆ.