ದೂರು ಕೊಡಲಾಗದವರ ಕೂಲಿ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಅಲ್ಲಾಹನ ದಾಸರೇ, ಮೊದಲು ನನಗೆ, ನಂತರ ನಿಮಗೆ ತಕ್ವಾದ ಉಪದೇಶ ಮಾಡುತ್ತೇನೆ.

ಪ್ರಿಯ ಸಹೋದರರೇ, ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರ ಬದುಕಿನ ಎರಡು ದೃಶ್ಯಗಳಿವೆ. ಮೊದಲನೆಯದು ನದಿಯ ದಡದ್ದು. ಫಿರ್‌ಔನನ ಸೈನಿಕರು ಗಂಡು ಶಿಶುಗಳನ್ನು ಕೊಲ್ಲುತ್ತಿದ್ದ ಕಾಲ. ತಾಯಿ ಮಗುವನ್ನು ನೀರಿಗೆ ಬಿಟ್ಟಿದ್ದಾರೆ. ಅಕ್ಕ ದೂರದಿಂದ, ಯಾರಿಗೂ ಅನುಮಾನ ಬಾರದಂತೆ ತಮ್ಮನ ಮೇಲೆ ಕಣ್ಣಿಟ್ಟು ಹಿಂಬಾಲಿಸುತ್ತಾಳೆ. ಅರಮನೆಯ ಮಂದಿಯ ಮುಂದೆ ನಿಂತಾಗಲೂ 'ಇವನು ನನ್ನ ತಮ್ಮ' ಎಂದು ಹೇಳುವಂತಿಲ್ಲ. ಹೇಳಿದರೆ ತಮ್ಮ ಉಳಿಯುವುದಿಲ್ಲ.

ತಮ್ಮನನ್ನು ಕಾಯಲು ತನ್ನ ಗುರುತನ್ನೇ ಬಚ್ಚಿಡಬೇಕಾದ ಅಕ್ಕಂದಿರು ಇಂದೂ ಇದ್ದಾರೆ. ಅಂಥವರ ಬಗ್ಗೆ ಇಂದು ಮಾತನಾಡುತ್ತೇನೆ.

2011ರಲ್ಲಿ ಸಿರಿಯಾದಲ್ಲಿ ಯುದ್ಧ ಆರಂಭವಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಪಕ್ಕದ ಪುಟ್ಟ ದೇಶ ಲೆಬನಾನಿಗೆ ಬಂದರು. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಲೆಬನಾನ್ ಸಹಿ ಹಾಕಿಲ್ಲ. ಆದರೂ ಆರಂಭದಲ್ಲಿ ಆ ದೇಶ ಬಾಗಿಲು ತೆರೆದಿಟ್ಟಿತು. ಅದನ್ನು ನಾವು ಮರೆಯಬಾರದು. 2015ರ ಜನವರಿಯಲ್ಲಿ ನಿಯಮಗಳು ಬಿಗಿಯಾದವು. ಹದಿನೈದು ವರ್ಷ ತುಂಬಿದ ಪ್ರತಿಯೊಬ್ಬರ ವಾಸದ ಪರವಾನಗಿಗೆ ವರ್ಷಕ್ಕೆ 200 ಡಾಲರ್ ಶುಲ್ಕ. ಜೊತೆಗೆ 'ಕೆಲಸ ಮಾಡುವುದಿಲ್ಲ' ಎಂಬ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಜವಾಬ್ದಾರಿ ಹೊರುವ ಕಫೀಲ್ ಸಿಗಬೇಕು. ಅದೇ ವರ್ಷ ಮೇ ತಿಂಗಳಲ್ಲಿ, ಸರಕಾರದ ಸೂಚನೆಯಂತೆ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೊಸಬರ ನೋಂದಣಿಯನ್ನು ನಿಲ್ಲಿಸಿತು. ನಂತರ ಕೆಲವರಿಗೆ ಶುಲ್ಕ ಮನ್ನಾ ಆಯಿತಾದರೂ ಬಹಳಷ್ಟು ಮಂದಿ ಕಾಗದವಿಲ್ಲದವರಾಗಿಯೇ ಉಳಿದರು.

ಬೆಕಾ ಕಣಿವೆಯ ಒಂದು ಗುಡಾರವನ್ನು ಮನಸ್ಸಿಗೆ ತಂದುಕೊಳ್ಳಿ. ಯಾರದೋ ಹೊಲದಲ್ಲಿ ಬಾಡಿಗೆಗೆ ಪಡೆದ ನೆಲ, ಮರದ ಗೂಟ, ಪ್ಲಾಸ್ಟಿಕ್ ಹೊದಿಕೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಒಳಗೆ ಒಬ್ಬ ಅಣ್ಣ, ಒಬ್ಬಳು ತಂಗಿ, ಒಬ್ಬ ಪುಟ್ಟ ತಮ್ಮ. ಹೆಸರು ಬೇಡ, ಇಂಥ ಮಕ್ಕಳು ಸಾವಿರಾರು. ಅಣ್ಣನಿಗೆ ಹದಿನೇಳು. ಪರವಾನಗಿ ಇಲ್ಲ. ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆಂಬ ಭಯಕ್ಕೆ ಅವನು ದೂರ ಹೋಗುವುದಿಲ್ಲ. ಸಣ್ಣ ಮಕ್ಕಳನ್ನು ತಡೆಯುವುದು ಕಡಿಮೆ. ಹಾಗಾಗಿ ಹನ್ನೆರಡರ ತಂಗಿ ಆಲೂಗಡ್ಡೆಯ ಹೊಲಕ್ಕೆ ಹೋಗುತ್ತಾಳೆ. ಸಿರಿಯಾದ ಮಕ್ಕಳಿಗಾಗಿ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿ ನಡೆಸಿದ್ದು ನಿಜ. ಆದರೆ ಕೂಲಿಗೆ ಹೋಗುವ ಮಗುವಿಗೆ ಮಧ್ಯಾಹ್ನ ಎಲ್ಲಿದೆ? ಕೂಲಿಯೂ ಎಷ್ಟೋ ಸಲ ನೇರವಾಗಿ ಅವಳ ಕೈಗೆ ಬರುವುದಿಲ್ಲ. ಗುಡಾರಗಳ ಮೇಸ್ತ್ರಿ, ಅಲ್ಲಿಯವರು 'ಶಾವೀಶ್' ಎನ್ನುವವನು, ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಯಜಮಾನ ಅರ್ಧ ಕೊಟ್ಟರೂ, ಕೊಡದಿದ್ದರೂ ಅವಳು ಕೇಳುವಂತಿಲ್ಲ. ಕೇಳಿದರೆ ಒಂದೇ ಮಾತು: 'ಹೋಗಿ ಪೊಲೀಸರಿಗೆ ಹೇಳು.' ಪೊಲೀಸರ ಬಳಿ ಹೋದರೆ ಸಿಕ್ಕಿಬೀಳುವವನು ಅವಳ ಅಣ್ಣ.

2024ರ ಡಿಸೆಂಬರಿನಲ್ಲಿ ಸಿರಿಯಾದ ಆಡಳಿತ ಉರುಳಿತು. ಹಲವರು ಮರಳಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಹೊಲದಲ್ಲಿ ಕಳೆದುಹೋದ ಬಾಲ್ಯ ಮರಳುವುದಿಲ್ಲ, ಬಾಕಿ ಉಳಿದ ಕೂಲಿಯನ್ನು ಹಿಂಬಾಲಿಸಿ ಯಾರೂ ತಂದುಕೊಡುವುದಿಲ್ಲ.

ಈಗ ಎರಡನೆಯ ದೃಶ್ಯ. ಮೂಸಾ(ಅ) ಬೆಳೆದು ಯುವಕರಾಗಿ, ಪ್ರಾಣಭಯದಿಂದ ಈಜಿಪ್ಟ್ ಬಿಟ್ಟು ಮದ್‌ಯನ್ ತಲುಪಿದ್ದಾರೆ. ಪರಿಚಯದವರಿಲ್ಲ, ಆಸರೆ ಇಲ್ಲ. ಬಾವಿಯ ಬಳಿ ಇಬ್ಬರು ಸಹೋದರಿಯರ ಕುರಿಗಳಿಗೆ ನೀರು ಕುಡಿಸಿ ನೆರಳಿಗೆ ಸರಿದು, ನೀನು ಕೊಡುವ ಯಾವ ಒಳಿತಿಗೂ ನಾನು ಅಗತ್ಯವುಳ್ಳವನು ಎಂದು ಅಲ್ಲಾಹನಲ್ಲಿ ಮೊರೆಯಿಟ್ಟರು. ಆ ಸಹೋದರಿಯರ ತಂದೆ ಏನು ಮಾಡಿದರು?

ಒಂದು, ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ತಾವಾಗಿಯೇ ಕರೆಸಿದರು. ಮೂಸಾ(ಅ) ಕೇಳಿರಲಿಲ್ಲ. ಎರಡು, ಅವರ ಕಥೆಯನ್ನು ಪೂರ್ತಿ ಕೇಳಿ, ಹೆದರಬೇಡಿ ಎಂದು ಧೈರ್ಯ ಹೇಳಿದರು. ಮೂರು, ಕೆಲಸಕ್ಕೆ ಸ್ಪಷ್ಟ ಕರಾರು ಮಾಡಿಕೊಂಡರು. ಎಂಟು ವರ್ಷ, ಇಷ್ಟಪಟ್ಟರೆ ಹತ್ತು. ನಿಮ್ಮನ್ನು ಕಷ್ಟಕ್ಕೆ ಸಿಲುಕಿಸುವ ಉದ್ದೇಶ ನನಗಿಲ್ಲ ಎಂದೂ ಹೇಳಿದರು. ಓಡಿಬಂದವನ ಅಸಹಾಯಕತೆಯನ್ನು ಅವರು ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ.

'ಉಸ್ತಾದರೇ, ದೇಶಕ್ಕೆ ಕಾನೂನು ಬೇಡವೇ?' ಎಂದು ನೀವು ಕೇಳಬಹುದು. ಬೇಕು. ಕಾಗದ ಕೇಳುವುದು ಸರಕಾರದ ಅಧಿಕಾರ. ಆದರೆ ಕಾಗದ ಇಲ್ಲದವನಿಂದ ದುಡಿಸಿಕೊಂಡು ಕೂಲಿ ಕೊಡದಿರಲು ಯಾವ ಕಾನೂನೂ ಅಪ್ಪಣೆ ಕೊಟ್ಟಿಲ್ಲ. ಅದು ಬರೀ ಅಕ್ರಮ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುತ್ತಾನೆಂದು ಬುಖಾರಿಯ ಹದೀಸ್ ಎಚ್ಚರಿಸುತ್ತದೆ. ಮುಆದ್(ರ)ರನ್ನು ಯಮನಿಗೆ ಕಳುಹಿಸುವಾಗ ಪ್ರವಾದಿ(ಸ)ರು, ಮರ್ದಿತನ ಪ್ರಾರ್ಥನೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ, ಅದನ್ನು ಭಯಪಡಿರಿ ಎಂದು ಕಲಿಸಿದರು. ಠಾಣೆಗೆ ಹೋಗಲಾಗದ ಆ ಹುಡುಗಿಯ ದೂರು ನೇರವಾಗಿ ಅಲ್ಲಿಗೇ ತಲುಪುತ್ತದೆ.

ಸಹೋದರರೇ, ಇದು ನಮಗೆ ಅರ್ಥವಾಗದ ಸಂಗತಿಯಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನಲ್ಲಿ ದುಡಿದಿದ್ದಾರೆ. ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿ, ಇಕಾಮದ ಅವಧಿ ಮುಗಿದಿದೆ, ಸಂಬಳ ಬಾಕಿ. ಕೇಳಿದರೆ ಕೆಲಸದಿಂದ ಓಡಿಹೋದವನೆಂದು ಬರೆಸುತ್ತಾನೆಂಬ ಭಯ. ಕ್ಷಮಾದಾನ ಘೋಷಣೆಯಾಗಲಿ ಎಂದು ಕಾದ ದಿನಗಳು ಇಲ್ಲಿ ಕುಳಿತಿರುವ ಕೆಲವರಿಗಾದರೂ ನೆನಪಿರಬೇಕು.

ಹಾಗಾದರೆ ನಮ್ಮ ಅಂಗಡಿಯಲ್ಲಿ, ಹೋಟೆಲಿನಲ್ಲಿ, ತೋಟದಲ್ಲಿ ದೂರದ ಊರಿನಿಂದ ಬಂದವನಿಗೆ ನಾವು ಎಷ್ಟು ಕೊಡುತ್ತಿದ್ದೇವೆ? ಊರಿನವನಿಗೆ ಕೊಡುವಷ್ಟೇ? ಅಥವಾ 'ಇವನು ಎಲ್ಲಿಗೆ ಹೋಗುತ್ತಾನೆ' ಎಂಬ ಲೆಕ್ಕವೇ? ಶಾಲೆಗೆ ಹೋಗಬೇಕಾದ ಮಗು ಯಾರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದೆ? ಇಂದು ಮನೆಗೆ ಹೋಗಿ ಲೆಕ್ಕ ತೆಗೆಯಿರಿ. ಬಾಕಿ ಇದ್ದರೆ ಅವನು ಕೇಳುವ ಮೊದಲೇ ಕೊಡಿರಿ. ಕೊಡಬೇಕಾದ ಕೂಲಿಯನ್ನು ಸದಕಾ ಎಂದು ಕೊಡಬೇಡಿ. ಅದು ಅವನ ಹಕ್ಕು.

ಅಲ್ಲಾಹನೇ, ಮನೆ ಕಳೆದುಕೊಂಡ ಒಡಹುಟ್ಟಿದವರನ್ನು ಒಬ್ಬರಿಂದ ಒಬ್ಬರನ್ನು ಅಗಲಿಸದಿರು. ಅವರಿಗೆ ಸುರಕ್ಷಿತ ನೆಲೆ ಕೊಡು. ಬಾಯಿಲ್ಲದವರ ಹಕ್ಕು ನಮ್ಮ ಸೊತ್ತಿನಲ್ಲಿ ಬೆರೆಯದಂತೆ ನಮ್ಮನ್ನು ಕಾಪಾಡು. ಆಮೀನ್.